ಕೂಡಿದರೆ ಐದು, ಗುಣಿಸಿದರೆ ಆರು: ಫ್ರಾನ್ಸ್ವಾ ವಿಯೆಟ್‌ನ ಬದುಕು

ಕೂಡಿದರೆ 5 ಬರಬೇಕು, ಗುಣಿಸಿದರೆ 6 ಬರಬೇಕು. ಅಂಥ ಎರಡು ಸಂಖ್ಯೆ ಯಾವುವು? ಒಂಬತ್ತನೇ ಕ್ಲಾಸಿನಿಂದ ಪಿಯುಸಿ ಮುಗಿಯೋವರೆಗೆ ಈ ಪ್ರಶ್ನೆಯನ್ನ ನಾವೆಲ್ಲ ಎಷ್ಟು ಸಲ ಕೇಳಿಕೊಂಡಿದ್ದೀವೋ ಲೆಕ್ಕವೇ ಇಲ್ಲ. ರಫ್ ಶೀಟಿನ ಮೂಲೆಯಲ್ಲಿ 1 ಮತ್ತು 6, 2 ಮತ್ತು 3 ಅಂತ ಬರೆದುಕೊಂಡು, ಹೊಂದೋ ಜೋಡಿಗೆ ಒಂದು ಸುತ್ತು ಹಾಕಿ, ಮಧ್ಯಪದವನ್ನ ಒಡೆದು, ಎರಡೆರಡು ಪದಗಳ ಗುಂಪು ಮಾಡಿ, ಸಾಮಾನ್ಯವಾದದ್ದನ್ನ ಹೊರಗೆ ತೆಗೆದರೆ ಮುಗೀತು. ವರ್ಗ ಬಹುಪದೋಕ್ತಿಯನ್ನು ಅಪವರ್ತಿಸಿ ಅಂತ ಪ್ರಶ್ನೆ ಬಂದರೆ ಆ ಮಾರ್ಕ್ಸು ನಮ್ಮದೇ ಅಂತ ಧೈರ್ಯ.

ಆದರೆ ಯಾಕೆ ಕೂಡಬೇಕು, ಯಾಕೆ ಗುಣಿಸಬೇಕು ಅಂತ ನಾವು ಆಗ ಕೇಳಿಕೊಳ್ಳಲಿಲ್ಲ. ಉತ್ತರ ಬರ್ತಿತ್ತಲ್ಲ, ಅಷ್ಟು ಸಾಕಿತ್ತು. ಇಂಜಿನಿಯರಿಂಗ್‌ಗೆ ಬಂದು ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ಟ್ರಾನ್ಸ್‌ಫರ್ ಫಂಕ್ಷನ್ನಿನ ಛೇದವನ್ನ ಒಡೆಯೋಕೆ ಕೂತಾಗ ಅದೇ ಐದು, ಅದೇ ಆರು ಮತ್ತೆ ಎದುರಿಗೆ ಬಂದು ನಿಂತವು. ಈ ಉಪಾಯದ ಹಿಂದೆ ಯಾರಿದ್ದಾರೆ ಅಂತ ಹುಡುಕಿದರೆ ಸಿಕ್ಕವನು ಗಣಿತದ ಮೇಷ್ಟ್ರಲ್ಲ, ಒಬ್ಬ ವಕೀಲ. ಹೆಸರು ಫ್ರಾನ್ಸ್ವಾ ವಿಯೆಟ್. ಲ್ಯಾಟಿನ್ ರೂಪದಲ್ಲಿ ವಿಯೆಟಾ. ಜೆಇಇ ಕೋಚಿಂಗ್‌ಗೆ ಹೋದವರಿಗೆ ವಿಯೆಟಾ ಸೂತ್ರಗಳು ಅನ್ನೋ ಹೆಸರಲ್ಲಿ ಈತನ ಪರಿಚಯ ಇದ್ದೇ ಇರುತ್ತೆ. ಸೂತ್ರ ಗೊತ್ತು, ಮನುಷ್ಯ ಗೊತ್ತಿಲ್ಲ. ಈ ಸಂಚಿಕೆಯಲ್ಲಿ ಆ ಮನುಷ್ಯನ ಕತೆ ಹೇಳೋಣ ಅಂತಿದ್ದೀವಿ.

ಒಂದು ಸೂಚನೆ. ಈ ಬರಹದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅನ್ನೋ ಬದಲು ಅ ಅಂತ ಬರೀತೀವಿ. ಯಾಕೆ ಅನ್ನೋದು ಕತೆ ಅರ್ಧ ಆಗೋಷ್ಟರಲ್ಲಿ ಗೊತ್ತಾಗುತ್ತೆ.

ವಕೀಲರ ಮನೆಯ ಹುಡುಗ

ವಿಯೆಟ್ ಹುಟ್ಟಿದ್ದು 1540ರಲ್ಲಿ, ಪಶ್ಚಿಮ ಫ್ರಾನ್ಸಿನ ಫಾಂತನೆ-ಲ-ಕಾಂತ್ ಅನ್ನೋ ಊರಿನಲ್ಲಿ. ಅಪ್ಪ ವಕೀಲ. ಮಗನೂ ಪ್ವಾತಿಯೇ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಇಪ್ಪತ್ತರ ಆಸುಪಾಸಿಗೆ ಊರಿಗೆ ವಾಪಸ್ ಬಂದು ವಕೀಲಿಕೆ ಶುರು ಮಾಡಿದ. ಗಣಿತ ಅವನ ಡಿಗ್ರಿಯೂ ಅಲ್ಲ, ಹೊಟ್ಟೆಪಾಡೂ ಅಲ್ಲ. ಕೊನೆಯವರೆಗೂ ಅದು ಅವನಿಗೆ ಕೆಲಸ ಮುಗಿದ ಮೇಲೆ ಮಾಡುವ ಕೆಲಸವಾಗಿಯೇ ಉಳಿಯಿತು.

1564ರಲ್ಲಿ ಸೂಬೀಸ್ ಎಂಬ ದೊಡ್ಡ ಮನೆತನ ಅವನನ್ನು ಕೆಲಸಕ್ಕೆ ಕರೆದುಕೊಂಡಿತು. ಮನೆತನದ ಕಾನೂನು ವ್ಯವಹಾರ ನೋಡಿಕೊಳ್ಳುವುದರ ಜೊತೆಗೆ ಇನ್ನೊಂದು ಜವಾಬ್ದಾರಿಯೂ ಬಂತು. ಆ ಮನೆಯ ಮಗಳು ಕ್ಯಾಥರೀನ್ ಡಿ ಪಾರ್ತನೆಗೆ ಆಗಿನ್ನೂ ಹತ್ತು ಹನ್ನೊಂದು ವರ್ಷ. ಅವಳಿಗೆ ಪಾಠ ಹೇಳಬೇಕಿತ್ತು. ವಿಯೆಟ್ ಅವಳಿಗಾಗಿ ಖಗೋಳ, ಭೂಗೋಳ, ಗಣಿತದ ಪಾಠಗಳನ್ನು ತಾನೇ ಬರೆದು ಕಲಿಸಿದ. ಹುಡುಗಿ ಚುರುಕು. ಗುರು ಶಿಷ್ಯೆಯ ಈ ಸ್ನೇಹ ಅವನ ಜೀವಮಾನವಿಡೀ ಉಳಿಯಿತು. ಅದರ ಫಲ ಮುಂದೆ ಒಂದು ಪುಸ್ತಕದ ಮೊದಲ ಪುಟದಲ್ಲಿ ಕಾಣಿಸುತ್ತೆ, ಅಲ್ಲಿಗೆ ಬರ್ತೀವಿ.

ಕಾಲ ಮಾತ್ರ ಒಳ್ಳೇದಾಗಿರಲಿಲ್ಲ. ಫ್ರಾನ್ಸಿನಲ್ಲಿ ಕ್ಯಾಥೊಲಿಕ್ಕರಿಗೂ ಪ್ರಾಟೆಸ್ಟೆಂಟರಿಗೂ ನಡುವೆ 1562ರಿಂದ ಸುಮಾರು ಮೂವತ್ತಾರು ವರ್ಷ ಬಿಟ್ಟು ಬಿಟ್ಟು ಯುದ್ಧ ನಡೆಯಿತು. ಸೂಬೀಸ್ ಮನೆಯವರು ಪ್ರಾಟೆಸ್ಟೆಂಟರು, ವಿಯೆಟ್ ಕ್ಯಾಥೊಲಿಕ್. ತನ್ನ ಧರ್ಮ ಬಿಡಲಿಲ್ಲ, ಆ ಮನೆಯ ಋಣವನ್ನೂ ಬಿಡಲಿಲ್ಲ. 1572ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಪ್ರಾಟೆಸ್ಟೆಂಟರ ಹತ್ಯಾಕಾಂಡ ನಡೆದಾಗ ಕ್ಯಾಥರೀನಳ ಗಂಡನೂ ಸತ್ತ. ಎರಡೂ ಕಡೆಯವರನ್ನು ಬಲ್ಲ ವಿಯೆಟ್‌ನಂಥವನಿಗೆ ಆ ದಿನಗಳಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು?

ಮರುವರ್ಷ, 1573ರಲ್ಲಿ, ರಾಜ ಒಂಬತ್ತನೇ ಚಾರ್ಲ್ಸ್ ಅವನನ್ನು ಬ್ರಿಟನಿ ಪ್ರಾಂತ್ಯದ ರೆನ್ ನಗರದ ಪಾರ್ಲಮೆಂಟಿಗೆ ಸದಸ್ಯನಾಗಿ ನೇಮಿಸಿದ. ಹೆಸರು ಪಾರ್ಲಮೆಂಟ್ ಅಂತಿದ್ದರೂ ಅದು ನಿಜಕ್ಕೂ ದೊಡ್ಡ ನ್ಯಾಯಾಲಯ. 1580ರಲ್ಲಿ ಬಡ್ತಿ ಸಿಕ್ಕಿ, ರಾಜನಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಹುದ್ದೆಗೆ ಪ್ಯಾರಿಸ್‌ಗೆ ಬಂದ. ನಡುವೆ 1579ರಲ್ಲಿ ತ್ರಿಕೋನಮಿತಿಯ ಕೋಷ್ಟಕಗಳ ಒಂದು ದೊಡ್ಡ ಪುಸ್ತಕ ಅಚ್ಚಾಯಿತು. 3,93,216 ಬಾಹುಗಳ ಬಹುಭುಜಾಕೃತಿಯನ್ನು ಲೆಕ್ಕ ಹಾಕಿ ಪೈ ಬೆಲೆಯನ್ನು ಒಂಬತ್ತು ದಶಮಾಂಶ ಸ್ಥಾನದವರೆಗೆ ಕಂಡುಹಿಡಿದವನೂ ಇವನೇ. ಕ್ಯಾಲ್ಕುಲೇಟರ್ ಬಿಡಿ, ಲಾಗರಿದಮ್ ಕೂಡ ಇನ್ನೂ ಹುಟ್ಟಿರಲಿಲ್ಲ. ಅವನನ್ನು ಕಂಡು ಬಲ್ಲ ಇತಿಹಾಸಕಾರ ದ ಥೂ ಬರೆದಿಟ್ಟ ಪ್ರಕಾರ, ಒಂದು ಲೆಕ್ಕ ತಲೆಗೆ ಹೊಕ್ಕರೆ ವಿಯೆಟ್ ಮೂರು ದಿನ ಮೇಜು ಬಿಟ್ಟು ಏಳುತ್ತಿರಲಿಲ್ಲ. ಮೊಣಕೈ ಮೇಲೆ ತಲೆಯಿಟ್ಟು ತೆಗೆದ ಜೋಂಪೇ ನಿದ್ದೆ, ಕೂತಲ್ಲಿಗೆ ಬಂದದ್ದೇ ಊಟ. ಇಂಟರ್ನಲ್ಸ್ ಹಿಂದಿನ ರಾತ್ರಿ ನಾವೂ ಹಾಗೇ ಇರ್ತೀವಿ ನಿಜ, ಆದರೆ ಅವನಿಗೆ ಪರೀಕ್ಷೆ ಇರಲಿಲ್ಲ.

ಕೆಲಸ ಹೋದ ಐದು ವರ್ಷ

1584ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಕಟ್ಟಾ ಕ್ಯಾಥೊಲಿಕ್ ಬಣದ ಕೈ ಮೇಲಾಯಿತು. ಪ್ರಾಟೆಸ್ಟೆಂಟರ ಜೊತೆ ಒಡನಾಟ ಇಟ್ಟುಕೊಂಡಿದ್ದ ಅಧಿಕಾರಿ ಅವರ ಕಣ್ಣಿಗೆ ಬಿದ್ದ. ವಿಯೆಟ್‌ನ ಹುದ್ದೆ ಹೋಯಿತು. ಪ್ರಾಟೆಸ್ಟೆಂಟರ ನಾಯಕ, ನವಾರ್‌ನ ಹೆನ್ರಿ, ಇವನನ್ನು ಮತ್ತೆ ತೆಗೆದುಕೊಳ್ಳಿ ಅಂತ ರಾಜ ಮೂರನೇ ಹೆನ್ರಿಗೆ ಪತ್ರ ಬರೆದ. ಪ್ರಯೋಜನ ಆಗಲಿಲ್ಲ. ನಲವತ್ತೈದು ದಾಟುತ್ತಿದ್ದ ವಯಸ್ಸಿನಲ್ಲಿ, ತಾನು ಮಾಡದ ತಪ್ಪಿಗೆ ವಿಯೆಟ್ ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮದ ಕಡಲ ತೀರದ ಬೋವ್ವಾರ್-ಸುರ್-ಮೇರ್ ಕಡೆಗೆ ಹೋಗಿ ಕೂತ.

ಅಲ್ಲಿ ಕಳೆದ ಸುಮಾರು ಐದು ವರ್ಷಗಳೇ ಅವನ ಗಣಿತ ಹದಗೊಂಡ ಕಾಲ. ಅವನು ಅಲ್ಲಿ ಏನು ಮಾಡಿದ ಅನ್ನೋದು ಅರ್ಥ ಆಗಬೇಕಾದರೆ ಅದಕ್ಕಿಂತ ಮುಂಚೆ ಬೀಜಗಣಿತ ಹೇಗಿತ್ತು ಅಂತ ಸ್ವಲ್ಪ ನೋಡಬೇಕು.

ವರ್ಗ ಸಮೀಕರಣ ಬಿಡಿಸುವುದು ಹೊಸದೇನಲ್ಲ. ಬ್ಯಾಬಿಲೋನಿನ ಜೇಡಿಮಣ್ಣಿನ ಹಲಗೆಗಳಲ್ಲೇ ಅದು ಇದೆ. ನಮ್ಮಲ್ಲಿ ಬ್ರಹ್ಮಗುಪ್ತ 628ರಲ್ಲೇ ಅದಕ್ಕೆ ನಿಯಮ ಕೊಟ್ಟಿದ್ದ. ಗೊತ್ತಿಲ್ಲದ ಸಂಖ್ಯೆಗಳಿಗೆ ನಮ್ಮ ಗಣಿತಜ್ಞರು ಯಾವತ್ತಾವತ್, ಕಾಲಕ, ನೀಲಕ ಅಂತ ಹೆಸರಿಟ್ಟು, ಅವುಗಳ ಮೊದಲಕ್ಷರ ಯಾ, ಕಾ, ನೀ ಬರೆದು ಲೆಕ್ಕ ಮಾಡುತ್ತಿದ್ದರು. ಅರಬ್ಬರಲ್ಲಿ ಅಲ್ ಖ್ವಾರಿಜ್ಮಿ, ಇಟಲಿಯಲ್ಲಿ ಕಾರ್ಡಾನೊ ಎಲ್ಲರೂ ದೊಡ್ಡವರೇ. ಆದರೆ ಒಂದು ಮಾತು ಇವರೆಲ್ಲರಿಗೂ ಸಲ್ಲುತ್ತೆ. ಗೊತ್ತಿಲ್ಲದ ಸಂಖ್ಯೆಗೆ ಗುರುತು ಇಟ್ಟರು, ಗೊತ್ತಿರುವ ಸಂಖ್ಯೆಯನ್ನು ಅಂಕಿಯಾಗಿಯೇ ಬಿಟ್ಟರು. ಗೊತ್ತೇ ಇದೆಯಲ್ಲ, ಅದಕ್ಕೇಕೆ ಹೆಸರು? ಯಾರಿಗಾದರೂ ಹಾಗೇ ಅನ್ನಿಸುತ್ತೆ.

ಹಾಗೆ ಬಿಟ್ಟಾಗ ಏನಾಗುತ್ತೆ ನೋಡಿ. (ಅ − 2) ಮತ್ತು (ಅ − 3) ಇವೆರಡನ್ನು ಗುಣಿಸೋಣ. ಮೊದಲಿಗೆ ಅ² − 3ಅ − 2ಅ + 6 ಬರುತ್ತೆ. ಮಧ್ಯದ ಎರಡು ಪದ ಸೇರಿಸಿದರೆ ಅ² − 5ಅ + 6. ಅಷ್ಟೇ, ಗುರುತು ಅಳಿಸಿಹೋಯಿತು. ಐದು ಅನ್ನೋ ಅಂಕಿ ತಾನು ಎರಡು ಮತ್ತು ಮೂರರಿಂದ ಆದವನು ಅಂತ ಹೇಳಲ್ಲ. ಅದು ಒಂದು ಮತ್ತು ನಾಲ್ಕರಿಂದಲೂ ಆಗಿರಬಹುದು. ಆರೂ ಅಷ್ಟೇ, ಒಂದು ಮತ್ತು ಆರರಿಂದ ಆಗಿರಬಹುದು. ಹಾಲಿಗೆ ಸಕ್ಕರೆ ಹಾಕಿ ಕಲಸಿದ ಮೇಲೆ ಸಕ್ಕರೆ ಎಲ್ಲಿ ಅಂತ ಹುಡುಕಿದ ಹಾಗೆ. ಅಂಕಿಗಳಲ್ಲೇ ನೂರು ಲೆಕ್ಕ ಬಿಡಿಸಿದರೂ, ಮೂಲಗಳಿಗೂ ಸಹಗುಣಕಗಳಿಗೂ ಏನು ಸಂಬಂಧ ಅನ್ನೋದು ಕಣ್ಣಿಗೆ ನೇರವಾಗಿ ಬೀಳೋದಿಲ್ಲ.

ವಿಯೆಟ್ ಮಾಡಿದ್ದು ಕೇಳೋಕೆ ಬಹಳ ಸಣ್ಣ ಕೆಲಸ. ಗೊತ್ತಿರುವ ಸಂಖ್ಯೆಗಳಿಗೂ ಅಕ್ಷರ ಕೊಟ್ಟ. ಗೊತ್ತಿಲ್ಲದ್ದಕ್ಕೆ ಸ್ವರಗಳು, ಗೊತ್ತಿರುವುದಕ್ಕೆ ವ್ಯಂಜನಗಳು. ನಮ್ಮ ಕನ್ನಡ ಅಕ್ಷರಮಾಲೆಯಲ್ಲಿ ಸ್ವರಗಳು ಒಂದು ಕಡೆ, ವ್ಯಂಜನಗಳು ಒಂದು ಕಡೆ ಅಚ್ಚುಕಟ್ಟಾಗಿ ಕೂತಿರೋದರಿಂದ ವಿಯೆಟ್‌ನ ಪದ್ಧತಿ ನಮಗೆ ಹೇಳಿ ಮಾಡಿಸಿದ ಹಾಗಿದೆ. ಅದಕ್ಕೇ ನಾವು ಅ ಇಟ್ಟುಕೊಂಡಿದ್ದು. ಈಗ 2 ಮತ್ತು 3ರ ಜಾಗದಲ್ಲಿ ಕ ಮತ್ತು ಗ ಇಡಿ. (ಅ − ಕ) ಮತ್ತು (ಅ − ಗ) ಗುಣಿಸಿದರೆ ಅ² − (ಕ + ಗ)ಅ + ಕಗ. ಇಲ್ಲಿ ಏನೂ ಕರಗಲಿಲ್ಲ. ಮಧ್ಯಪದದಲ್ಲಿ ಕೂತಿರೋದು ಎರಡು ಮೂಲಗಳ ಮೊತ್ತ, ಕೊನೆಯಲ್ಲಿ ಕೂತಿರೋದು ಅವುಗಳ ಗುಣಲಬ್ಧ. ಕೂಡಿದರೆ ಐದು, ಗುಣಿಸಿದರೆ ಆರು ಅಂತ ನಾವು ಹುಡುಕುತ್ತಿದ್ದುದು ಯಾಕೆ ಅನ್ನೋದಕ್ಕೆ ಉತ್ತರ ಇದೇ. ಅದು ಉಪಾಯ ಅಲ್ಲ. ಗುಣಾಕಾರದಲ್ಲಿ ಕರಗಿಹೋದ ಎರಡು ಸಂಖ್ಯೆಗಳನ್ನು ಅವು ಬಿಟ್ಟುಹೋದ ಎರಡು ಗುರುತುಗಳಿಂದ ಮತ್ತೆ ಹಿಡಿಯೋದು.

ಇನ್ನೊಂದು ಅನುಕೂಲವೂ ಆಯಿತು. ಅಂಕಿಯಲ್ಲಿ ಬಿಡಿಸಿದ ಲೆಕ್ಕ ಆ ಒಂದು ಲೆಕ್ಕಕ್ಕೆ ಮಾತ್ರ. ಅಕ್ಷರದಲ್ಲಿ ಬಿಡಿಸಿದ ಲೆಕ್ಕ ಆ ಜಾತಿಯ ಎಲ್ಲ ಲೆಕ್ಕಕ್ಕೂ. ಇವತ್ತು ನಾವು ಸೂತ್ರ ಅಂತ ಯಾವುದನ್ನು ಕರೀತೀವೋ, ಎ, ಬಿ, ಸಿ ಹಾಕಿ ಬರೆಯುವ ವರ್ಗ ಸಮೀಕರಣದ ಸೂತ್ರವನ್ನೂ ಸೇರಿಸಿ, ಅದನ್ನು ಒಂದು ಸಾಲಿನಲ್ಲಿ ಬರೆಯೋಕೆ ದಾರಿ ಆದದ್ದು ಅಲ್ಲಿಂದ. ಪ್ರೋಗ್ರಾಮಿಂಗ್ ಮಾಡುವವರಿಗೆ ಹೀಗೆ ಹೇಳಬಹುದು. ಅಲ್ಲಿಯವರೆಗೆ ಎಲ್ಲರೂ ಬೆಲೆಗಳನ್ನು ಕೋಡಿನ ಒಳಗೇ ಬರೆದು ಕೂರಿಸಿದ್ದರು, ವಿಯೆಟ್ ಬಂದು ಫಂಕ್ಷನ್ ಮಾಡಿ ಪ್ಯಾರಾಮೀಟರ್ ಕೊಟ್ಟ.

ಅವನ ಬರವಣಿಗೆ ನೋಡಿದರೆ ಮಾತ್ರ ಇವತ್ತು ನಮಗೆ ಕಷ್ಟ ಆಗುತ್ತೆ. ವರ್ಗಕ್ಕೆ ಮೇಲೆ ಸಣ್ಣ 2 ಹಾಕುವ ಪದ್ಧತಿ ಅವನಲ್ಲಿ ಇಲ್ಲ. ಅ ವರ್ಗ, ಅ ಘನ ಅಂತ ಲ್ಯಾಟಿನ್ ಪದಗಳಲ್ಲೇ ಬರೆಯುತ್ತಿದ್ದ. ಸಮ ಅನ್ನೋದಕ್ಕೂ ಪದವೇ. ಜೊತೆಗೆ ಒಂದು ಕಟ್ಟುನಿಟ್ಟು. ಉದ್ದವನ್ನು ಉದ್ದಕ್ಕೆ ಮಾತ್ರ ಕೂಡಬೇಕು, ಕ್ಷೇತ್ರಫಲವನ್ನು ಕ್ಷೇತ್ರಫಲಕ್ಕೆ ಮಾತ್ರ. ಹಾಗಾಗಿ ಪ್ರತಿ ಅಕ್ಷರಕ್ಕೂ ಇದು ರೇಖೆ, ಇದು ಸಮತಲ, ಇದು ಘನ ಅಂತ ಪಟ್ಟಿ ಕಟ್ಟುತ್ತಿದ್ದ. ಫಿಸಿಕ್ಸ್ ಲ್ಯಾಬಿನಲ್ಲಿ ಎರಡೂ ಕಡೆ ಡೈಮೆನ್ಷನ್ ಸರಿಹೋಗ್ತಿದೆಯಾ ಅಂತ ನೋಡ್ತೀವಲ್ಲ, ಥೇಟ್ ಅದೇ. ಈ ಕಟ್ಟುನಿಟ್ಟೇ ಮುಂದೆ ಅವನ ಕಾಲಿಗೆ ತೊಡಕಾಯಿತು.

ರಾಜನ ಗುಪ್ತಲಿಪಿ, ಶಿಷ್ಯೆಯ ಪುಸ್ತಕ

1588ರಲ್ಲಿ ಪ್ಯಾರಿಸ್ ಜನ ಬೀದಿಗೆ ಅಡ್ಡಗಟ್ಟೆ ಹಾಕಿ ದಂಗೆ ಎದ್ದರು. ಮೂರನೇ ಹೆನ್ರಿ ರಾಜಧಾನಿ ಬಿಟ್ಟು ಓಡಿ, ಕೊನೆಗೆ ತೂರ್ ನಗರದಲ್ಲಿ ಆಸ್ಥಾನ ಹೂಡಿದ. ನಂಬಿಕಸ್ಥರು ಬೇಕಾದಾಗ ಹಳಬರ ನೆನಪಾಗುತ್ತೆ. 1589ರಲ್ಲಿ ವಿಯೆಟ್‌ಗೆ ಕರೆ ಬಂತು, ಹೋದ. ಅದೇ ಆಗಸ್ಟ್‌ನಲ್ಲಿ ರಾಜನ ಕೊಲೆಯಾಗಿ, ನವಾರ್‌ನ ಹೆನ್ರಿಯೇ ನಾಲ್ಕನೇ ಹೆನ್ರಿ ಎಂಬ ಹೆಸರಿನಿಂದ ಪಟ್ಟಕ್ಕೆ ಬಂದ. ಹಿಂದೆ ಇವನ ಪರವಾಗಿ ಪತ್ರ ಬರೆದವನೇ ಈಗ ಒಡೆಯ.

ಹೊಸ ರಾಜನ ಮೊದಲ ತಲೆನೋವು ಸ್ಪೇನ್. ಅಲ್ಲಿನ ರಾಜ ಎರಡನೇ ಫಿಲಿಪ್ ಫ್ರಾನ್ಸಿನ ವಿರೋಧಿ ಬಣಕ್ಕೆ ಹಣ, ಸೈನ್ಯ ಕೊಡುತ್ತಿದ್ದ. ಅವನಿಗೆ ಅವನ ಕಡೆಯವರು ಬರೆದ ಕಾಗದಗಳು ದಾರಿಯಲ್ಲಿ ಸಿಕ್ಕಿಬೀಳುತ್ತಿದ್ದವು. ಆದರೆ ಎಲ್ಲವೂ ಗುಪ್ತಲಿಪಿಯಲ್ಲಿ. ಫ್ರಾನ್ಸಿನಲ್ಲಿದ್ದ ಸ್ಪೇನಿನ ಅಧಿಕಾರಿ ಮೊರೆಯೊ 1589ರ ಅಕ್ಟೋಬರ್‌ನಲ್ಲಿ ಬರೆದ ಒಂದು ಉದ್ದನೆಯ ಪತ್ರ ವಿಯೆಟ್ ಕೈಗೆ ಬಂತು. ಅದರಲ್ಲಿ ಒಂದೊಂದು ಅಕ್ಷರಕ್ಕೆ ಹಲವು ಗುರುತು, ಕೆಲವು ಪದಗಳಿಗೇ ಬೇರೆ ಗುರುತು. ತಿಂಗಳುಗಟ್ಟಲೆ ಕೂತು, 1590ರ ಮಾರ್ಚ್ ಹೊತ್ತಿಗೆ ಅದನ್ನು ಪೂರ್ತಿ ಬಿಡಿಸಿ ರಾಜನಿಗೆ ಕಳಿಸಿದ. ತನ್ನ ಪತ್ರಗಳನ್ನು ಫ್ರಾನ್ಸಿನವರು ಓದುತ್ತಿದ್ದಾರೆ ಅಂತ ತಿಳಿದ ಫಿಲಿಪ್, ಇದು ಮನುಷ್ಯರಿಂದ ಆಗೋ ಕೆಲಸ ಅಲ್ಲ, ಮಾಟಮಂತ್ರ ಮಾಡಿಸಿದ್ದಾರೆ ಅಂತ ಪೋಪರಿಗೆ ದೂರು ಕೊಟ್ಟ ಅಂತ ಕತೆ ಇದೆ.

ಈ ಗಡಿಬಿಡಿಯ ನಡುವೆಯೇ, 1591ರಲ್ಲಿ, ತೂರ್ ನಗರದಲ್ಲಿ ಒಂದು ತೆಳ್ಳನೆಯ ಪುಸ್ತಕ ಅಚ್ಚಾಯಿತು. ಲ್ಯಾಟಿನ್‌ನಲ್ಲಿ ಅದರ ಹೆಸರಿನ ಅರ್ಥ ವಿಶ್ಲೇಷಣ ಕಲೆಗೆ ಪ್ರವೇಶ. ಗೊತ್ತಿರುವುದಕ್ಕೂ ಅಕ್ಷರ ಕೊಡುವ ಪದ್ಧತಿ ಜಗತ್ತಿಗೆ ಮೊದಲು ಕಂಡಿದ್ದು ಇದರಲ್ಲಿ. ಬಿಡಿಸಲಾಗದ ಲೆಕ್ಕವೇ ಉಳಿಯಬಾರದು, ಅದೇ ಈ ಕಲೆಯ ಗುರಿ ಅಂತ ಪುಸ್ತಕದ ಕೊನೆಗೆ ಎದೆ ತಟ್ಟಿ ಹೇಳಿದ್ದಾನೆ. ಪುಸ್ತಕವನ್ನು ಅರ್ಪಿಸಿದ್ದು ಕ್ಯಾಥರೀನ್ ಡಿ ಪಾರ್ತನೆಗೆ. ಇಪ್ಪತ್ತೇಳು ವರ್ಷದ ಹಿಂದೆ ಪಾಠ ಹೇಳಿಸಿಕೊಂಡ ಆ ಹುಡುಗಿಗೆ, ಅವಳ ಮನೆಯ ಸಂಗ ಬಿಡದ್ದಕ್ಕೇ ತಾನು ಕೆಲಸ ಕಳೆದುಕೊಂಡಿದ್ದ ಮನುಷ್ಯ ಕೊಟ್ಟ ಕಾಣಿಕೆ ಇದು. ಅವನ ಪುಸ್ತಕಗಳು ಮಾರಾಟಕ್ಕೆ ಅಂತ ಬಂದವಲ್ಲ. ತನ್ನ ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿ ಸ್ನೇಹಿತರಿಗೆ, ತಿಳಿದವರಿಗೆ ಹಂಚುತ್ತಿದ್ದ.

ನಲವತ್ತೈದರಲ್ಲಿ ಇಪ್ಪತ್ತಮೂರು

ವಿಯೆಟ್‌ನ ಬಗ್ಗೆ ಎಲ್ಲರೂ ಹೇಳುವ ಕತೆ ಇದು. ಬೆಲ್ಜಿಯಂ ಕಡೆಯ ಗಣಿತಜ್ಞ ಆಡ್ರಿಯಾನ್ ವಾನ್ ರೂಮೆನ್ 1593ರಲ್ಲಿ ತನ್ನ ಪುಸ್ತಕದಲ್ಲಿ ಒಂದು ಸವಾಲು ಹಾಕಿದ. ಅದೊಂದು ಸಮೀಕರಣ, ಅದರ ಘಾತ 45. ನಾಲ್ಕನೇ ಹೆನ್ರಿಯ ಆಸ್ಥಾನಕ್ಕೆ ಬಂದಿದ್ದ ಡಚ್ ರಾಯಭಾರಿ, ಇದನ್ನು ಬಿಡಿಸುವ ಗಂಡು ನಿಮ್ಮ ದೇಶದಲ್ಲಿ ಒಬ್ಬನೂ ಇಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿದನಂತೆ. ರಾಜ ವಿಯೆಟ್‌ನನ್ನು ಕರೆಸಿದ. ವಿಯೆಟ್ ಕಾಗದ ನೋಡಿ, ನಿಂತ ನಿಲುವಿನಲ್ಲೇ ಒಂದು ಉತ್ತರ ಬರೆದ. ಮಾರನೇ ದಿನ ಇನ್ನೂ ಇಪ್ಪತ್ತೆರಡು ಕೊಟ್ಟ.

ಮಾಟವೇನಿಲ್ಲ. ತ್ರಿಕೋನಮಿತಿಯಲ್ಲಿ ಅಷ್ಟು ವರ್ಷ ಕೈ ಪಳಗಿದ್ದವನಿಗೆ ಆ ಸಮೀಕರಣದ ಮುಖಲಕ್ಷಣ ಗುರುತು ಸಿಕ್ಕಿತ್ತು. ಒಂದು ಕೋನವನ್ನು 45 ಸಮಭಾಗ ಮಾಡುವಾಗ ಬರುವ ಜ್ಯಾ ಅಂದರೆ ಸೈನ್ ಸಮೀಕರಣವೇ ಅದು. 45 ಅಂದರೆ 3 × 3 × 5. ಹಾಗಾಗಿ ಕೋನವನ್ನು ಎರಡು ಸಲ ಮೂರು ಮೂರು ಭಾಗ, ಒಂದು ಸಲ ಐದು ಭಾಗ ಮಾಡಿದರಾಯಿತು. ಒಂದು ರಾಕ್ಷಸ ಸಮೀಕರಣದ ಬದಲು ಮೂರು ಸಣ್ಣವು. ದೊಡ್ಡದನ್ನು ಅದು ಯಾವ ಚಿಕ್ಕವುಗಳಿಂದ ಆಗಿದೆಯೋ ಆ ಚಿಕ್ಕವುಗಳಿಗೆ ಒಡೆಯುವುದು, ಇದೇ ಅವನ ಕೈಚಳಕ. ಒಂದು ಉತ್ತರ ಸಿಕ್ಕ ಮೇಲೆ ವೃತ್ತದಲ್ಲಿ ಎಂಟೆಂಟು ಡಿಗ್ರಿ ಮುಂದೆ ಹೋದರೆ ಇನ್ನೊಂದು, ಮತ್ತೊಂದು ಸಿಗುತ್ತೆ. ಈ ಸುದ್ದಿ ಕೇಳಿದ ವಾನ್ ರೂಮೆನ್ ಬೇಜಾರು ಮಾಡಿಕೊಳ್ಳದೆ, ಅಷ್ಟು ದೂರದಿಂದ ಪ್ರಯಾಣ ಮಾಡಿ ವಿಯೆಟ್‌ನನ್ನು ನೋಡೋಕೆ ಬಂದ. ಇಬ್ಬರೂ ಒಳ್ಳೇ ಸ್ನೇಹಿತರಾದರು.

ಈಗ ಒಂದು ಲೆಕ್ಕ. ಮೊದಲ ದಿನ ಒಂದು, ಮಾರನೇ ದಿನ ಇಪ್ಪತ್ತೆರಡು, ಒಟ್ಟು ಇಪ್ಪತ್ತಮೂರು. ಘಾತ 45 ಇದ್ದರೆ ಮೂಲಗಳು 45 ಇರಬೇಕಲ್ಲ? ಇನ್ನು ಇಪ್ಪತ್ತೆರಡು ಎಲ್ಲಿ? ಎಂಟೆಂಟು ಡಿಗ್ರಿ ಹಾಗೇ ಮುಂದುವರಿದಿದ್ದರೆ ಅವೂ ಸಿಗುತ್ತಿದ್ದವು. ಅವು ಋಣ ಸಂಖ್ಯೆಗಳು. ವಿಯೆಟ್ ಅವನ್ನು ಉತ್ತರ ಅಂತ ಒಪ್ಪುತ್ತಲೇ ಇರಲಿಲ್ಲ.

ಬಿಟ್ಟುಹೋದ ಅರ್ಧ

1602ರ ಕೊನೆಗೆ ಆರೋಗ್ಯ ಕೆಟ್ಟಿದ್ದ ವಿಯೆಟ್‌ನನ್ನು ರಾಜ ಸೇವೆಯಿಂದ ಬಿಡುಗಡೆ ಮಾಡಿದ. 1603ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಹೊಸ ಗ್ರೆಗೋರಿಯನ್ ಪಂಚಾಂಗ ತಪ್ಪು ಅಂತ ರೋಮಿನ ಗಣಿತಜ್ಞ ಕ್ಲೇವಿಯಸ್ ಜೊತೆ ಜಗಳ ಆಡಿದ್ದ. ಆ ಜಗಳದಲ್ಲಿ ಸರಿ ಇದ್ದವನು ಕ್ಲೇವಿಯಸ್. ದೊಡ್ಡವರೂ ಎಡವುತ್ತಾರೆ.

ಸಾಯುವಾಗ ಅವನ ಬಹಳಷ್ಟು ಬರಹ ಹಸ್ತಪ್ರತಿಯಲ್ಲೇ ಇತ್ತು. ಅಲೆಕ್ಸಾಂಡರ್ ಆಂಡರ್ಸನ್ ಎಂಬ ಸ್ಕಾಟ್ಲೆಂಡಿನ ಗಣಿತಜ್ಞ 1615ರಲ್ಲಿ, ಅಂದರೆ ಹನ್ನೆರಡು ವರ್ಷದ ಮೇಲೆ, ಸಮೀಕರಣಗಳನ್ನು ಕುರಿತ ಎರಡು ಬರಹಗಳನ್ನು ಅಚ್ಚು ಹಾಕಿಸಿದ. ಅದರ ಕಟ್ಟಕಡೆಯ ಅಧ್ಯಾಯದಲ್ಲಿ, ಇಡೀ ಕೆಲಸಕ್ಕೆ ಕಳಶ ಇಟ್ಟ ಹಾಗೆ, ನಮ್ಮ ರಫ್ ಶೀಟಿನ ಉಪಾಯ ಕೂತಿದೆ. ಅವನು ಬರೆದ ರೂಪ ಇದು: (ಕ + ಗ)ಅ − ಅ² = ಕಗ ಆಗಿದ್ದರೆ, ಅ ಅನ್ನೋದು ಕ ಆಗಿರಬಹುದು ಅಥವಾ ಗ ಆಗಿರಬಹುದು. ಬೇಕಾದರೆ ಅ ಜಾಗದಲ್ಲಿ ಕ ಹಾಕಿ ನೋಡಿ, ಎರಡೂ ಕಡೆ ಕಗ ಉಳಿಯುತ್ತೆ. ಆಮೇಲೆ ಮೂರು ಮೂಲ ಇರುವ ಘನ ಸಮೀಕರಣ, ನಾಲ್ಕು, ಐದರವರೆಗೆ ಇದನ್ನೇ ಬೆಳೆಸಿದ್ದಾನೆ. ಮೂಲಗಳ ಮೊತ್ತ, ಎರಡೆರಡರ ಗುಣಲಬ್ಧಗಳ ಮೊತ್ತ, ಮೂರು ಮೂರರದು, ಹೀಗೆ. ವಿಯೆಟಾ ಸೂತ್ರಗಳು ಅಂತ ನಾವು ಬಾಯಿಪಾಠ ಮಾಡಿದ್ದು ಇವನ್ನೇ.

ಆದರೆ ಅಲ್ಲಿ ಕ, ಗ ಎಲ್ಲವೂ ಧನ ಸಂಖ್ಯೆಗಳೇ. ವಿಯೆಟ್‌ಗೆ ಸಂಖ್ಯೆ ಅಂದರೆ ಅಳತೆ, ಉದ್ದ ಅಥವಾ ಕ್ಷೇತ್ರಫಲ. ಸೊನ್ನೆಗಿಂತ ಕಮ್ಮಿ ಉದ್ದದ ಗೆರೆ ಎಲ್ಲಿರುತ್ತೆ? ಹಾಗಾಗಿ ಅ² + ಅ = 6 ಅಂತ ಕೊಟ್ಟರೆ ಅವನ ಉತ್ತರ 2, ಅಷ್ಟೇ. −3 ಅವನ ಪಾಲಿಗೆ ಇಲ್ಲವೇ ಇಲ್ಲ. ಒಂದೇ ಮೂಲ ಅಂತಾದ ಮೇಲೆ ಕೂಡೋದು ಯಾವುದನ್ನ, ಗುಣಿಸೋದು ಯಾವುದನ್ನ? ತಾನೇ ಕಂಡುಕೊಂಡ ಚೆಂದದ ನಿಯಮ ಈ ಪುಟ್ಟ ಸಮೀಕರಣಕ್ಕೆ ಅವನ ಕೈಯಲ್ಲಿ ಅನ್ವಯವಾಗಲಿಲ್ಲ. ನಮ್ಮ ಹತ್ತನೇ ಕ್ಲಾಸಿನ ಯಾವ ಹುಡುಗಿಯಾದರೂ ಕೂಡಿದರೆ 1, ಗುಣಿಸಿದರೆ −6, ಸಂಖ್ಯೆಗಳು 3 ಮತ್ತು −2 ಅಂತ ಅರ್ಧ ನಿಮಿಷದಲ್ಲಿ ಹೇಳಿ, (ಅ + 3)(ಅ − 2) ಅಂತ ಬರೆದು ಮುಗಿಸುತ್ತಾಳೆ. ಸ್ಪೇನಿನ ಗುಪ್ತಲಿಪಿ ಒಡೆದವನಿಗೆ ಇದು ಪೂರ್ತಿ ಒಡೆಯಲಿಲ್ಲ. ಸಾಲ ಅನ್ನುವ ಅರ್ಥದ ಋಣ, ಆಸ್ತಿ ಅನ್ನುವ ಅರ್ಥದ ಧನ, ಈ ಎರಡಕ್ಕೂ ಕೂಡುವ ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ ಸಾವಿರ ವರ್ಷಕ್ಕೂ ಸ್ವಲ್ಪ ಕಮ್ಮಿ ಹಿಂದೆಯೇ ಬರೆದಿಟ್ಟಿದ್ದ. ಅಕ್ಷರ ಒಂದು ಕಡೆ ಇತ್ತು, ಋಣ ಇನ್ನೊಂದು ಕಡೆ ಇತ್ತು. ಎರಡೂ ಒಬ್ಬನ ಮೇಜಿನ ಮೇಲೆ ಸೇರಿರಲಿಲ್ಲ.

ಸೇರಿಸಿದವರು ಅವನ ನಂತರದವರು. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ಸಮೀಕರಣಗಳನ್ನು ಪುಟ್ಟ ಪುಟ್ಟ ಉಕ್ತಿಗಳ ಗುಣಲಬ್ಧದಿಂದ ಹುಟ್ಟಿಸಿ ತೋರಿಸಿದ. ಅವನ ಪುಸ್ತಕ ಕೂಡ ಅವನು ಸತ್ತು ಹತ್ತು ವರ್ಷದ ಮೇಲೆ, 1631ರಲ್ಲಿ ಬಂತು. ಆಲ್ಬರ್ಟ್ ಜಿರಾರ್ 1629ರಲ್ಲಿ ಋಣ ಮೂಲಗಳನ್ನೂ, ಅಸಾಧ್ಯ ಅನ್ನಿಸಿಕೊಂಡಿದ್ದ ಮೂಲಗಳನ್ನೂ ಲೆಕ್ಕಕ್ಕೆ ಸೇರಿಸಿ ವಿಯೆಟ್‌ನ ನಿಯಮವನ್ನು ಪೂರ್ತಿ ಮಾಡಿದ. 1637ರಲ್ಲಿ ಡೆಕಾರ್ಟ್ ಅಕ್ಷರಗಳನ್ನು ಬದಲಿಸಿ ಎಕ್ಸ್, ವೈ, ಜೆಡ್ ತಂದ, ಎಲ್ಲವನ್ನೂ ಒಂದೇ ಕಡೆಗೆ ತಂದು ಸೊನ್ನೆಗೆ ಸಮ ಮಾಡಿದ. ಆ ಡೆಕಾರ್ಟ್ ಕೂಡ ಋಣ ಮೂಲಗಳನ್ನು ಸುಳ್ಳು ಮೂಲಗಳು ಅಂತಲೇ ಕರೆದ. ನಮ್ಮ ನೋಟ್‌ಬುಕ್ಕಿನ ನಾಲ್ಕು ಸಾಲಿನ ಅಪವರ್ತನದಲ್ಲಿ ಇಷ್ಟು ಜನರ ಕೈ ಇದೆ.

ಮತ್ತೆ ನಮ್ಮ ಕ್ಲಾಸಿಗೆ

ಮೊದಲು ಹೇಳಿದ ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿಗೆ ವಾಪಸ್ ಬರೋಣ. ಅಲ್ಲಿ ಛೇದದಲ್ಲಿ ಬಂದದ್ದು ಅ² − 5ಅ + 6 ಅಲ್ಲ, ಅ² + 5ಅ + 6. ಅಪವರ್ತಿಸಿದರೆ (ಅ + 2)(ಅ + 3). ಮೂಲಗಳು −2 ಮತ್ತು −3. ಪೋಲ್‌ಗಳು ಎರಡೂ ಋಣ, ಹಾಗಾಗಿ ಸಿಸ್ಟಮ್ ಸ್ಥಿರ. ಒಂದು ಸಲ ಅಲುಗಾಡಿಸಿ ಬಿಟ್ಟರೆ ಹೊತ್ತು ಹೋದಂತೆ ಅಲುಗಾಟ ತಣ್ಣಗಾಗುತ್ತೆ. ಲ್ಯಾಬಿನ ಬಾಗಿಲಿಗೆ ಡೋರ್ ಕ್ಲೋಸರ್ ಹಾಕಿರ್ತಾರಲ್ಲ, ಸರಿಯಾಗಿ ಹೊಂದಿಸಿದ್ದರೆ ಬಾಗಿಲು ಧಡಾರ್ ಅನ್ನದೆ ಮೆಲ್ಲಗೆ ಬಂದು ಮುಚ್ಚಿಕೊಳ್ಳೋದು ಇಂಥ ಎರಡು ಋಣ ಮೂಲಗಳ ದೆಸೆಯಿಂದ. ಮೂಲ ಧನವಾಗಿದ್ದರೆ ಅಲುಗಾಟ ಬೆಳೀತಾ ಬೆಳೀತಾ ಹೋಗಿ ಏನಾದರೂ ಮುರಿದ ಮೇಲೆಯೇ ನಿಲ್ಲುತ್ತೆ.

ಇದೇ ಸಮೀಕರಣವನ್ನು ವಿಯೆಟ್ ಮುಂದೆ ಇಟ್ಟಿದ್ದರೆ ಇದಕ್ಕೆ ಉತ್ತರವೇ ಇಲ್ಲ ಅಂತ ಪಕ್ಕಕ್ಕೆ ಸರಿಸುತ್ತಿದ್ದ. ಅವನು ಯಾವ ಮೂಲಗಳನ್ನು ಬೇಡ ಅಂತ ಬಿಟ್ಟನೋ, ಇಂಜಿನಿಯರ್‌ಗಳು ಹರಕೆ ಹೊತ್ತು ಬೇಡೋದು ಅವನ್ನೇ. ಹೀಗಂತ ಅವನನ್ನು ಆಡಿಕೊಳ್ಳೋಕೆ ನಮಗೆ ಮನಸ್ಸು ಬರಲ್ಲ. ಕ + ಗ ಅಂತ ಅವನು ಬರೆದಿಡದೇ ಹೋಗಿದ್ದರೆ, ಗ ಜಾಗದಲ್ಲಿ ಒಂದು ಋಣ ಸಂಖ್ಯೆ ಹಾಕಿ ನೋಡೋಣ ಅಂತ ಜಿರಾರ್‌ಗೆ ತೋಚುತ್ತಿತ್ತೋ ಇಲ್ಲವೋ. ಜಾಗ ಮಾಡಿಕೊಟ್ಟವನು ವಿಯೆಟ್. ಅಲ್ಲಿ ಯಾರು ಬಂದು ಕೂರಬಹುದು ಅನ್ನೋದು ಮಾತ್ರ ಅವನಿಗೆ ಕಾಣಲಿಲ್ಲ.

ಮುಂದಿನ ಸಲ ಪರೀಕ್ಷೆಯಲ್ಲಿ ಮಧ್ಯಪದ ಒಡೆಯುವಾಗ, ಕೂಡಿದರೆ ಎಷ್ಟು, ಗುಣಿಸಿದರೆ ಎಷ್ಟು ಅಂತ ರಫ್ ಶೀಟಿನಲ್ಲಿ ಬರೀತೀರಲ್ಲ, ಆಗ ಒಂದು ಕ್ಷಣ ಈ ವಕೀಲನನ್ನು ನೆನೆಸಿಕೊಳ್ಳಿ. ಉತ್ತರ ಬರೆದಾದ ಮೇಲೆ ಮೈನಸ್ ಚಿಹ್ನೆ ಸರಿ ಇದೆಯಾ ಅಂತ ಇನ್ನೊಂದು ಸಲ ನೋಡೋದನ್ನ ಮರೀಬೇಡಿ. ಅವನು ತಪ್ಪಿದ್ದೂ ಅಲ್ಲೇ, ನಮಗೆ ಮಾರ್ಕ್ಸ್ ಹೋಗೋದೂ ಅಲ್ಲೇ.